ಒಡಲು ತರಕಾರಿ, ಅಂಚು ಹಣ್ಣು

ಮುದ್ದೆ ಇನ್ನೂ ಹಬೆಯಾಡುತ್ತಿತ್ತು. ನಮ್ಮ ಯಜಮಾನರು ಆ ತಟ್ಟೆಯನ್ನು ಒಂದೇ ಬೆರಳಲ್ಲಿ ಪಕ್ಕಕ್ಕೆ ಸರಿಸಿದರು. ಒಂದೇ ಬೆರಳು! ಅಂಗಳದಲ್ಲಿ ಬಿದ್ದ ಕಸವನ್ನೂ ಯಾರೂ ಅಷ್ಟು ಅಸಡ್ಡೆಯಿಂದ ಸರಿಸುವುದಿಲ್ಲ.

"ಯಾಕ್ರಿ?" ಅಂದೆ.

"ಇವತ್ತಿಂದ ಬೆಂದಿದ್ದು ತಿನ್ನಲ್ಲ."

"ಜ್ವರ ಬಂದೈತಾ?"

"ಜ್ವರ ಗಿರ ಏನಿಲ್ಲ. ಹಸೀದು ತಿಂತೀನಿ. ಹಣ್ಣು, ತರಕಾರಿ. ರಾ ಫುಡ್ ಅಂತಾರೆ ಅದಕ್ಕೆ."

ಅಷ್ಟು ಹೇಳಿ ಚೀಲದಿಂದ ಒಂದು ಪರಂಗಿ ಹಣ್ಣು ತೆಗೆದರು. ನನ್ನ ಈಳಿಗೆಮಣೆಯನ್ನು ಎಳೆದುಕೊಂಡು ನನ್ನ ಕಣ್ಣೆದುರಿಗೇ ಹೆಚ್ಚಲು ಕೂತರು. ಮದುವೆಯಾದಾಗಿನಿಂದ ವೆಂಕಟಪ್ಪ ಎನ್ನುವ ಈ ಮನುಷ್ಯ ಈಳಿಗೆ ಮುಟ್ಟಿದ್ದು ನಾನು ನೋಡಿರಲಿಲ್ಲ. ಬೀಜವೆಲ್ಲ ನೆಲದ ಮೇಲೆ. ಸಿಪ್ಪೆಯೊಂದಿಗೆ ಅರ್ಧ ಹಣ್ಣೂ ಹೋಯಿತು.

"ಯಾರು ಹೇಳಿಕೊಟ್ರು ಇದನ್ನ?"

"ಚಳ್ಳಕೆರೆಯಾಗೆ ದಾಕ್ಷಾಯಿಣಿ ಮೇಡಂ ಅಂತ. ಭಾನುವಾರ ಕ್ಲಾಸ್ ಮಾಡ್ತಾರೆ. ಭಾಳ ತಿಳಿದೋರು."

ಆ 'ಭಾಳ ತಿಳಿದೋರು' ಅನ್ನುವಾಗ ಅವರ ದನಿ ಮೆತ್ತಗಾಯಿತು. ಅದು ನನ್ನ ಕಿವಿಗೆ ಬಿತ್ತು.

ಸಿಟ್ಟು ಬಂದರೆ ನಾನು ಕೂಗುವವಳಲ್ಲ. ನನ್ನ ಸಿಟ್ಟು ಬೂದಿ ಮುಚ್ಚಿದ ಒಲೆಯ ಹಾಗೆ, ಹೊರಗೆ ಕಾಣುವುದಿಲ್ಲ, ಕೈಯಿಟ್ಟವರಿಗೆ ಗೊತ್ತಾಗುತ್ತದೆ. ನನ್ನ ಮುದ್ದೆ ತಿಂದೆ. ಆಮೇಲೆ ಅವರ ತಟ್ಟೆ ಎಳೆದುಕೊಂಡು ಅವರ ಮುದ್ದೆಯನ್ನೂ ತಿಂದೆ. ಎದೆಗೆ ಒತ್ತಿತು. ಆದರೂ ಒಂದು ಚೂರೂ ಬಿಡಲಿಲ್ಲ.

ಆಮೇಲೆ ಇಬ್ಬರೂ ಎದ್ದು ಹೋಗಿ ಮಗ್ಗಕ್ಕೆ ಕೂತೆವು. ಕೂರಲೇಬೇಕು.

ಮೊಳಕಾಲ್ಮೂರಿನ ರೇಷ್ಮೆ ಸೀರೆ ಒಬ್ಬರ ಕೈಯಲ್ಲಿ ಆಗುವುದಲ್ಲ. ಸೀರೆಯ ಒಡಲು ಒಂದು ಬಣ್ಣ, ಎರಡೂ ಕಡೆಯ ಅಂಚು ಇನ್ನೊಂದು ಬಣ್ಣ. ಅದಕ್ಕೆ ಮೂರು ಲಾಳಿ ಬೇಕು. ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನಡುವೆ ಅವರು ಕೂರುತ್ತಾರೆ, ಅವರ ಬಲಕ್ಕೆ ಭುಜ ತಾಗುವಷ್ಟು ಹತ್ತಿರ ನಾನು. ಒಡಲಿನ ಲಾಳಿ ಅವರ ಕಡೆಯಿಂದ ಬರುತ್ತದೆ. ನಾನು ಅದರ ಎಳೆಗೆ ನನ್ನ ಅಂಚಿನ ಎಳೆ ಹೆಣೆದು ಹಿಂದಕ್ಕೆ ಕಳಿಸಬೇಕು. ಎಳೆ ಒತ್ತಾಗಿ ಕೂರಲು ಅವರು ಹಲಗೆ ಎಳೆದು ಬಡಿಯಬೇಕು. ಮಾತು ಬಿಟ್ಟಿದ್ದರೂ ಲಾಳಿ ಬಿಡುವ ಹಾಗಿಲ್ಲ.

ನಾನು ರಾಯದುರ್ಗದ ಹುಡುಗಿ. ಸೊಸೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನನ್ನ ಗಂಡನ ಮುಖವನ್ನು ನಾನು ಸರಿಯಾಗಿ ನೋಡಿದ್ದು ಮಗ್ಗದ ಹತ್ತಿರವೇ. ತುಂಬಿದ ಮನೆ. ಅತ್ತೆ, ಮೈದುನರು, ಬಂದು ಹೋಗುವವರು. ಹಗಲಲ್ಲಿ ಗಂಡ ಹೆಂಡತಿ ಮಾತಾಡಿದರೆ ನಗುವ ಕಾಲ ಅದು. ಆದರೆ ಮಗ್ಗಕ್ಕೆ ಕೂತರೆ ಯಾರೂ ಏನೂ ಅನ್ನುವ ಹಾಗಿಲ್ಲ. ಅದು ಕೆಲಸ.

ನನ್ನ ಕಡೆ ಬರಬೇಕಾದ ಲಾಳಿಯನ್ನು ಇವರು ಬೇಕೆಂದೇ ತಡೆದು ಹಿಡಿಯುವರು. ನಾನು ತಲೆ ಬಗ್ಗಿಸಿ ಕಾಯುವೆ. ಬರುವುದಿಲ್ಲ. ಕೊನೆಗೆ ಕಣ್ಣೆತ್ತಿ ನೋಡಬೇಕು. ಆ ನೋಟ ಸಿಕ್ಕಿದ ಮೇಲೇ ಲಾಳಿ ಬರುತ್ತಿತ್ತು. ಆಗ ಮೀಸೆ ಇನ್ನೂ ಚಿಗುರುತ್ತಿತ್ತು. ಅದರ ಕೆಳಗೆ ಒಂದು ಕಳ್ಳನಗು.

ಮಗ್ಗ ಯಾಕೆ ನಿಂತಿತು ಅಂತ ಒಳಗಿಂದ ಅತ್ತೆ ತೆಲುಗಿನಲ್ಲಿ ಕೂಗುವಳು, "ಮಗ್ಗಂ ಎಂದುಕು ನಿಲಿಚಿಂದಿರಾ?"

ಇವರು ಮುಖ ಗಂಭೀರ ಮಾಡಿಕೊಂಡು, "ದಾರಂ ತೆಗಿಂದಮ್ಮಾ!" ಅನ್ನುವರು. ಎಳೆ ಹರಿಯಿತಂತೆ! ಯಾವ ಎಳೆಯೂ ಹರಿದಿರುತ್ತಿರಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಹರಿದಷ್ಟು ಎಳೆ ಮೊಳಕಾಲ್ಮೂರಿನ ಯಾವ ಮಗ್ಗದಲ್ಲೂ ಹರಿದಿರಲಿಕ್ಕಿಲ್ಲ.

ಅಂಥ ಮನುಷ್ಯ ಈಗ ನನ್ನ ತಟ್ಟೆಯನ್ನು ಬೆರಳಲ್ಲಿ ಸರಿಸುತ್ತಾನೆ. ಯಾವಳೋ ಮೇಡಂ ಮಾತು ಕೇಳಿ.

ದಿನ ಕಳೆದವು. ಬೆಳಿಗ್ಗೆ ಬಾಳೆಹಣ್ಣು, ಸಪೋಟ. ಮಧ್ಯಾಹ್ನ ಕಲ್ಲಂಗಡಿ, ದ್ರಾಕ್ಷಿ. ಸಂಜೆ ಮಾವಿನ ಹಣ್ಣು. ತಟ್ಟೆಯ ಮೂಲೆಯಲ್ಲಿ ಎರಡು ಬಿಲ್ಲೆ ಸೌತೆಕಾಯಿ, ಯಾರೋ ಮರೆತು ಬಿಟ್ಟು ಹೋದ ಹಾಗೆ.

"ಹಣ್ಣು ತರಕಾರಿ ಅಂದ್ರಿ. ತರಕಾರಿ ಎಲ್ಲಿ?" ಅಂತ ಒಂದು ದಿನ ಕೇಳಿದೆ. ತಡೆಯಲಾಗಲಿಲ್ಲ.

"ಲೆಕ್ಕ ಐತೆ ಅದಕ್ಕೆ. ಮೇಡಂ ಸೀರೆ ಲೆಕ್ಕ ಹೇಳಿಕೊಟ್ಟಾರೆ. ನೀವು ನೇಕಾರರು, ನಿಮಗೆ ಸುಲಭ ಆಗ್ತೈತೆ ಅಂತ. ತರಕಾರಿ ಒಡಲು ಇದ್ದಂಗೆ, ಹಣ್ಣು ಅಂಚು ಇದ್ದಂಗೆ."

"ಹಂಗಾ! ಸೆರಗು?"

ಸ್ವಲ್ಪ ಯೋಚನೆ ಮಾಡಿದರು. "ಸೆರಗೂ ಹಣ್ಣೇ ಇರ್ಬೇಕು."

"ಈ ಸೀರೆ ಉಟ್ಕೊಂಡೋಳು ಬೀದಿಗೆ ಬರಂಗಿಲ್ಲ ಬಿಡ್ರಿ. ಒಡಲೇ ಇಲ್ಲ."

ಅವರಿಗೆ ನಗು ಬಂತು. ನನಗೆ ಬರಲಿಲ್ಲ. ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಎಲ್ಲ ಒಂದು ಪಾಲು ಹೆಚ್ಚಾಗಿಯೇ. ಘಮ ಮನೆಯೆಲ್ಲ ತುಂಬಿತು. ಮಗ್ಗದ ಕೋಣೆಯಲ್ಲಿ ಅವರು ಎಂಜಲು ನುಂಗಿದ್ದು ಅಡಿಗೆಮನೆಗೆ ಕೇಳಿಸಿತು. ಬರಲಿಲ್ಲ ಮಾತ್ರ. ಎಂಥ ಹಟ!

ಭಾನುವಾರ ಬಂದರೆ ಇನ್ನೊಂದು ಚೆಂದ. ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಳ್ಳುವುದು, ಮೀಸೆ ಕತ್ತರಿಸಿಕೊಳ್ಳುವುದು, ಚಳ್ಳಕೆರೆ ಬಸ್ಸಿಗೆ ಓಡುವುದು. ಫೋನಿಗೆ ಮೇಡಂ ತಟ್ಟೆಯ ಫೋಟೋ ಕಳಿಸುತ್ತಿದ್ದರು. ಅದನ್ನು ಇವರು ಕನ್ನಡಕ ಹಾಕಿಕೊಂಡು ನೋಡಿ ತಮ್ಮಷ್ಟಕ್ಕೆ ನಗುವರು. ಹೆಚ್ಚಿದ ಗಜ್ಜರಿ ನೋಡಿ ನಗುವುದು ಏನಿರುತ್ತದೆ?

ಎದುರು ಮನೆಯ ಚಿಕ್ಕಕ್ಕ ಹೆಸರಿಗೆ ಚಿಕ್ಕಕ್ಕ. ನಮ್ಮ ಬೀದಿಗೆಲ್ಲ ಅವಳೇ ಹಿರಿಯಳು, ಬಾಯಿಯೂ ಅಷ್ಟೇ ಹಿರಿದು.

"ಏನೇ ಯರ್ರಮ್ಮ, ನಿನ್ನ ಗಂಡ ಮದುವೆ ಗಂಡು ಹೊಂಟಂಗೆ ಹೊಂಟಾನಲ್ಲೇ!"

"ಸೌತೆಕಾಯಿ ಪಾಠಕ್ಕೆ ಹೊಂಟಾರಕ್ಕ."

"ಸೌತೆಕಾಯಿಗೆ ಸೆಂಟ್ ಯಾಕೆ ಬೇಕೇ? ಇಲ್ಲೀತನಕ ಬಂತು ನೋಡು ವಾಸನೆ."

ನಾನು ನಕ್ಕು ಒಳಗೆ ಬಂದೆ. ಆ ಭಾನುವಾರ ಪಾತ್ರೆ ತಿಕ್ಕಿದ್ದು ನೆನಪಿದೆ. ಒಂದು ಹಿತ್ತಾಳೆ ಚೊಂಬು ತಿಕ್ಕಿ ತಿಕ್ಕಿ ನನ್ನ ಮುಖ ಅದರಲ್ಲಿ ಕಾಣುವ ಹಾಗೆ ಮಾಡಿದೆ. ಕಂಡ ಮುಖ ನನಗೆ ಹಿಡಿಸಲಿಲ್ಲ. ನರೆತ ಕೂದಲು, ಬಿಗಿದ ತುಟಿ. ಅವಳು ಹೇಗಿರಬಹುದು? ತೆಳ್ಳಗೆ ಬೆಳ್ಳಗೆ ಇರಬೇಕು, ಹಣ್ಣು ತಿಂದು ತಿಂದು.

ಜಗಳವನ್ನು ನಾವು ಬಾಯಲ್ಲಿ ಆಡಲಿಲ್ಲ. ಅದು ಬಟ್ಟೆಗೆ ಇಳಿಯಿತು.

ಮುಗಿದ ಸೀರೆ ಒಯ್ಯಲು ಚೌಡೇಶ ಬಂದ. ರೇಷ್ಮೆ ಕೊಟ್ಟು ಸೀರೆ ಒಯ್ಯುವವನು ಅವನು, ದೂರದ ಸಂಬಂಧ, ನನ್ನನ್ನು ಅತ್ತೆ ಅನ್ನುತ್ತಾನೆ. ಚಾಪೆ ಮೇಲೆ ಸೀರೆ ಹರಡಿದ. ಅಂಗೈ ಆಡಿಸಿದ. ಮತ್ತೆ ಆಡಿಸಿದ.

"ಅತ್ತೆ, ಇದೇನು ಹಪ್ಪಳದಂಗೆ ಸೊಟ್ಟಾಗೈತೆ? ಒಡಲು ಸಡಿಲ, ಅಂಚು ಬಿಗಿ. ಮಾವನಿಗೂ ನಿಮಗೂ ಜಗಳಾನಾ?"

"ಹೋಗಲೋ, ನಿನ್ನ ತಲೆ."

"ಸೀರೇನೇ ಹೇಳ್ತೈತಲ್ಲ ಅತ್ತೆ, ನಾನೇನು ಹೇಳ್ಲಿ?"

ಅವನು ತಮಾಷೆಗೆ ಅಂದ. ನನಗೆ ನೆಲ ಬಿರಿದು ಒಳಗೆ ಹೋಗಬೇಕು ಅನ್ನಿಸಿತು. ಸಿಟ್ಟಿನಲ್ಲಿ ನಾನು ಎಳೆಯನ್ನು ಜಗ್ಗಿ ಜಗ್ಗಿ ಎಳೆಯುತ್ತಿದ್ದೆ. ಅವರ ರಟ್ಟೆಯಲ್ಲಿ ಕಸುವಿಲ್ಲದೆ ಹಲಗೆ ಸೋತು ಬೀಳುತ್ತಿತ್ತು. ಯಾರದೋ ಮನೆ ಮಗಳು ಹಸೆಮಣೆ ಮೇಲೆ ಉಡುವ ಸೀರೆಯಲ್ಲಿ ನಮ್ಮಿಬ್ಬರ ಜಗಳ ನೆರಿಗೆಗಟ್ಟಿ ಕೂತಿತ್ತು.

ಅವನು ಹೋದ ಮೇಲೆ ನಾನು ಬಾಯಿ ಬಿಟ್ಟೆ.

"ಈಗ ಮಗ್ಗದ ಮ್ಯಾಲಿರೋ ಸೀರೆ ಮುಗಿದ ದಿನ ನಾನು ಎದ್ದೆ ಅಂತ ತಿಳ್ಕೊಳ್ರಿ. ಹರಿಪ್ರಿಯಾ ಕರೀತಾನೇ ಇದಾಳೆ. ಬಳ್ಳಾರಿಗೆ ಹೋಗಿ ಮಗಳ ಮನೆಯಾಗೆ ಇರ್ತೀನಿ."

ಅವರ ಕೈಯಲ್ಲಿದ್ದ ಬಾಳೆಹಣ್ಣು ಅಲ್ಲೇ ನಿಂತಿತು. "ಹಂಗನ್ಬೇಡ ಯರ್ರಮ್ಮ. ಮಗ್ಗ ಒಬ್ಬನ ಕೈಲಿ ಆಗ್ತೈತಾ?"

"ನಿಮ್ಮ ಮೇಡಂನ ಕೂರಿಸ್ಕೊಳ್ರಿ ಬಲಗಡೆ."

ಅವರು ಏನೋ ಹೇಳಲು ಬಾಯಿ ತೆರೆದರು, ಮುಚ್ಚಿಕೊಂಡರು. ಅದು ನನಗೆ ಇನ್ನೂ ಉರಿಯಿತು. ಅಲ್ಲ ಅಂತಾದರೂ ಅನ್ನಬಾರದಾ?

ಮರುದಿನ ಬೆಳಿಗ್ಗೆ ಕಾಫಿ ಕುಡಿದು ಮಗ್ಗದ ಕೋಣೆಗೆ ಬಂದೆ. ಅವರು ಗುಂಡಿಗೆ ಕಾಲಿಳಿಸಲು ಬಗ್ಗಿದ್ದರು. ಬಗ್ಗಿದವರು ಹಾಗೇ ಕಂಬ ಹಿಡಿದು ನಿಂತರು. ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ಹಣೆ ಮೇಲೆ ಬೆವರು.

ಓಡಿ ಹೋಗಿ ತೋಳು ಹಿಡಿದೆ. ಆ ತೋಳು! ನನ್ನ ಮುಷ್ಟಿಯಲ್ಲಿ ಹಿಡಿಯಾಗುವಷ್ಟು ಸೊರಗಿತ್ತು.

"ಏನಿಲ್ಲ, ಒಂಚೂರು ತಲೆ ತಿರುಗ್ತು," ಅಂದರು.

"ಬಾಯಿ ಮುಚ್ರಿ," ಅಂದೆ. ಅವರನ್ನು ಕೂರಿಸಿ, ಮಜ್ಜಿಗೆಗೆ ಉಪ್ಪು ಹಾಕಿ ತಂದುಕೊಟ್ಟೆ. ಕುಡಿಯುವಾಗ ಲೋಟ ಹಲ್ಲಿಗೆ ತಾಗಿ ಸದ್ದಾಯಿತು. ನನಗೆ ಬಂದದ್ದು ಹೆದರಿಕೆಯೋ ಸಿಟ್ಟೋ ತಿಳಿಯಲಿಲ್ಲ. ಬೇಡ ಬೇಡ ಅಂದರೂ ನಮ್ಮೂರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿ, ಗಾಬರಿ ಪಡುವಂಥದ್ದಿಲ್ಲ, ಮೈಯಲ್ಲಿ ಶಕ್ತಿಯಿಲ್ಲ, ಹೊಟ್ಟೆಗೆ ಏನು ಹಾಕುತ್ತೀರಿ ಅಂತ ಅವರೂ ಬೈದು ಕಳಿಸಿದರು. ಒಂದು ಮಾತ್ರ ಗಟ್ಟಿ ಮಾಡಿಕೊಂಡೆ. ಈ ಭಾನುವಾರ ನಾನೂ ಚಳ್ಳಕೆರೆಗೆ ಹೋಗುತ್ತೇನೆ. ಆ ಹೆಂಗಸಿನ ಮುಖ ನೋಡಿ ಕೇಳುತ್ತೇನೆ.

ಭಾನುವಾರ ನಾನು ನಮ್ಮ ಮಗ್ಗದ್ದೇ ಸೀರೆ ಉಟ್ಟೆ. ಕಡುಗೆಂಪು ಒಡಲು, ಗಿಳಿಹಸಿರು ಅಂಚು, ಅಂಚಿನ ತುಂಬ ಜರಿ. ಮಗಳ ಮದುವೆಗೆ ನಾವಿಬ್ಬರೂ ಕೂತು ನೇಯ್ದದ್ದು. ಬಿಸಿಲಿಗೆ ಅಂಥ ಸೀರೆ ಉಡುವವರು ಹುಚ್ಚರು. ಆದರೂ ಉಟ್ಟೆ.

ಬಾಗಿಲಲ್ಲಿ ನನ್ನನ್ನು ನೋಡಿ ಅವರು ತಬ್ಬಿಬ್ಬಾದರು. "ಎಲ್ಲಿಗೆ?"

"ಪಾಠಕ್ಕೆ."

ಬಸ್ಸಿನಲ್ಲಿ ನಾನು ಮುಂದೆ ಕೂತೆ, ಅವರು ಹಿಂದೆ. ಬಿ.ಜಿ. ಕೆರೆ ದಾಟುವವರೆಗೂ ಹಿಂತಿರುಗಿ ನೋಡಲಿಲ್ಲ. ಅವರು ನೋಡುತ್ತಿದ್ದಾರೆ ಅಂತ ಮಾತ್ರ ಗೊತ್ತಿತ್ತು. ಬೆನ್ನಿಗೂ ಒಂದು ಕಣ್ಣಿರುತ್ತದೆ, ಬಹಳ ವರ್ಷ ಪಕ್ಕದಲ್ಲಿ ಕೂತವರಿಗೆ.

ಮೇಡಂ ಮನೆ ಒಂದು ಹಳೇ ಎಣ್ಣೆ ಮಿಲ್ಲಿನ ಹಿಂದೆ. ಶೇಂಗಾ ಎಣ್ಣೆಯ ವಾಸನೆ ಗೋಡೆಗೆಲ್ಲ ಹಿಡಿದಿತ್ತು. ಮಹಡಿ ಮೇಲೆ ಚಪ್ಪರ, ಚಾಪೆ, ಏಳೆಂಟು ಜನ. ವಿಜ್ಞಾನ ಸಂಸ್ಥೆಯಿರುವ ಕುದಾಪುರದ ಕಡೆಯಿಂದ ಕಾರಿನಲ್ಲಿ ಬಂದಿದ್ದ ಒಬ್ಬ ಹುಡುಗಿಯೂ ಇದ್ದಳು. ನಾನು ಆ ತೆಳ್ಳನೆಯ ಬೆಳ್ಳನೆಯ ಮೇಡಂ ಎಲ್ಲಿ ಅಂತ ಹುಡುಕಿದೆ.

"ಬನ್ನಿ ವೆಂಕಟಪ್ಪನೋರೆ! ಇವತ್ತು ಜೊತೆಗೆ ಯಾರು?"

ಕುಳ್ಳಗೆ, ದುಂಡಗೆ, ನನಗಿಂತ ಹಿರಿಯ ಹೆಂಗಸು. ದಾರ ಕಟ್ಟಿದ ಕನ್ನಡಕ. ದನಿ ಶಾಲೆಯ ಗಂಟೆಯಂತೆ. ನನಗೆ ಒಂದು ಕ್ಷಣ ಸಮಾಧಾನವಾಯಿತು. ಆ ಸಮಾಧಾನದ ಮೇಲೇ ಇನ್ನೊಂದು ಸಿಟ್ಟು ಬಂತು.

"ನಾನು ಇವರ ಹೆಂಡ್ತಿ."

"ಅಯ್ಯೋ, ಯರ್ರಮ್ಮನೋರಾ! ಕೂತ್ಕೊಳ್ಳಿ. ನಿಮ್ಮ ಹೆಸರು ಬರದೆ ಇವರ ಬಾಯಲ್ಲಿ ಒಂದು ಮಾತೂ ಬರಲ್ಲ."

"ಕೂರೋಕೆ ಬಂದಿಲ್ಲ ಮೇಡಂ. ಒಂದು ಮಾತು ಕೇಳೋದೈತೆ. ದುಡಿಯೋ ಮನುಷ್ಯನಿಗೆ ಮೂರು ಹೊತ್ತೂ ಹಣ್ಣು ತಿನ್ನಿಸಿ, ತಲೆ ತಿರುಗಿ ಗುಂಡಿಗೆ ಬೀಳಂಗೆ ಮಾಡೋದು ಯಾವ ವಿದ್ಯೆ?"

ಆಗ ಮೆಟ್ಟಿಲ ಹತ್ತಿರ ಒಂದು ಬೋಳುತಲೆ ಕಾಣಿಸಿತು. ಮೇಡಂ ಯಜಮಾನರು, ಮುರುಗೇಂದ್ರಪ್ಪನವರು.

"ಏನೇ, ಮಿರ್ಚಿ ಬಜ್ಜಿ ತಣ್ಣಗಾಗ್ತೈತೆ. ಪಾಠ ಮುಗೀತಾ?"

"ನೀವೊಬ್ಬರೇ ತಿನ್ರಿ!" ಅಂತ ಮೇಡಂ ಗದರಿದರು. ತಲೆ ಮರೆಯಾಯಿತು. ಆಮೇಲೆ ನಮ್ಮವರ ಕಡೆ ತಿರುಗಿ, "ಮೂರು ಹೊತ್ತೂ ಹಣ್ಣಾ?" ಅಂದರು.

ಇವರು ನೆಲ ನೋಡಿದರು. "ನೀವೇ ಹೇಳಿದ್ರಲ್ಲ ಮೇಡಂ. ಹಣ್ಣು ಅಂಚಿನಷ್ಟು ಅಂತ."

"ಅಂಚಿನಷ್ಟೇ! ಇಷ್ಟು!" ಮೇಡಂ ತಮ್ಮ ಸೀರೆಯ ತುದಿ ಎತ್ತಿ ತೋರಿಸಿದರು.

ನೂಲಿನ ಸೀರೆ. ಅದರ ಅಂಚು ನನ್ನ ಕಿರುಬೆರಳಿನಷ್ಟು ಅಗಲ.

ನಾನು ಅದನ್ನು ನೋಡಿದೆ. ಆಮೇಲೆ ನನ್ನ ಸೀರೆ ನೋಡಿಕೊಂಡೆ. ಮೊಣಕಾಲಿನವರೆಗೂ ಹಸಿರು ಅಂಚು, ಮೇಲೆ ಇನ್ನೊಂದು, ಸೆರಗೆಲ್ಲ ಜರಿ. ಕೆಂಪು ಒಡಲು ನಡುವೆ ಎಲ್ಲೋ ಒಂದಿಷ್ಟು. ಹುಟ್ಟಿದಾಗಿನಿಂದ ಈ ಮನುಷ್ಯ ನೋಡಿದ ಅಂಚು ಇದು. ಅಂಚು ಅಂದರೆ ಇದೇ ಅವರಿಗೆ. ತಟ್ಟೆಯ ಮೇಲೂ ಇದನ್ನೇ ಹಾಕಿಕೊಂಡು ತಿಂದಿದ್ದಾರೆ.

ಮೇಡಂ ಕೂಡ ನನ್ನ ಸೀರೆ ನೋಡಿದರು. ಹಣೆ ಚಚ್ಚಿಕೊಂಡರು. "ನನ್ನ ತಪ್ಪು. ಮೊಳಕಾಲ್ಮೂರಿನೋರಿಗೆ ಅಂಚಿನ ಲೆಕ್ಕ ಹೇಳ್ಬಾರದಿತ್ತು. ನೋಡಿ ತಾಯಿ, ಹಣ್ಣು ಒಂದು ಬಟ್ಟಲು ಆದ್ರೆ ತರಕಾರಿ, ಸೊಪ್ಪು ಮೂರು ಬಟ್ಟಲು. ಜೊತೆಗೆ ನೆನೆಸಿದ ಕಾಳು, ಒಂದು ಹಿಡಿ ಶೇಂಗಾ. ಈ ವಯಸ್ಸಿನೋರು ಪೂರಾ ಹಸೀದೇ ತಿನ್ಬೇಡಿ, ಮಧ್ಯಾಹ್ನ ಒಂದು ಹೊತ್ತು ಅಡಿಗೆ ಊಟ ಮಾಡಿ ಅಂತಾನೂ ಹೇಳಿದ್ದೆ. ಹೇಳಿರಲಿಲ್ವಾ ವೆಂಕಟಪ್ಪನೋರೆ?"

"ಹೇಳಿದ್ರಿ."

"ಮತ್ತೆ?"

"ಪೂರಾ ಬಿಟ್ರೆ ಬೇಗ ತೂಕ ಇಳೀತೈತೆ ಅಂದ್ಕೊಂಡೆ."

"ಅಷ್ಟು ಅವಸರ ಯಾಕ್ರಿ ತೂಕಕ್ಕೆ?" ಅಂದೆ ನಾನು.

ಮೇಡಂ ನನ್ನ ಮುಖ ನೋಡಿದರು. ದನಿ ತಗ್ಗಿತು. "ನಿಮಗೆ ಹೇಳಿಲ್ವಾ? ಇವರ ಎರಡೂ ಮಂಡಿ ಸವೆದೈತಂತೆ. ತೂಕ ಇಳಿಸಿ, ಇಲ್ಲಾಂದ್ರೆ ಗುಂಡಿ ಮಗ್ಗ ಬಿಡಿ ಅಂತ ಇಲ್ಲಿ ಮೂಳೆ ಡಾಕ್ಟ್ರು ಹೇಳಿದ್ರು. ಅಲ್ಲಿಂದ ನೆಟ್ಟಗೆ ನನ್ನ ಹತ್ರ ಬಂದ್ರು."

ಗುಂಡಿಯಿಂದ ಏಳುವಾಗ ಅವರು ಮೇಲಿಂದ ಇಳಿಬಿಟ್ಟ ಹಗ್ಗ ಹಿಡಿದು ಏಳುತ್ತಿದ್ದದ್ದು, ಎದ್ದ ಮೇಲೆ ಸ್ವಲ್ಪ ಹೊತ್ತು ಗೋಡೆಗೆ ಒರಗುತ್ತಿದ್ದದ್ದು, ಎಲ್ಲ ಕಣ್ಣ ಮುಂದೆ ಬಂತು. ಭುಜಕ್ಕೆ ಭುಜ ತಾಗಿಸಿ ಕೂತವಳಿಗೆ ಗೊತ್ತಿಲ್ಲ. ಚಳ್ಳಕೆರೆಯ ಚಾಪೆ ಮೇಲೆ ಕೂತವರಿಗೆಲ್ಲ ಗೊತ್ತು.

ಮೇಡಂಗೆ ಕೈ ಮುಗಿದು ಕೆಳಗಿಳಿದೆ. ಹಿಂದೆ ಅವರ ಚಪ್ಪಲಿ ಸದ್ದು ಕೇಳುತ್ತಿತ್ತು. ನಾನು ಬಿರಬಿರನೆ ನಡೆದೆ. ಆಮೇಲೆ ಮಂಡಿ ನೆನಪಾಗಿ ನಿಧಾನ ಮಾಡಿದೆ. ನಿಧಾನ ಮಾಡಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಮಾರ್ಕೆಟ್ಟಿನಲ್ಲಿ ಒಬ್ಬ ಸಾಬರ ಗಾಡಿ ಮುಂದೆ ನಿಂತೆ. ಸೌತೆಕಾಯಿ ಒಂದೊಂದನ್ನೇ ಹಿಚುಕಿ ನೋಡಿದೆ. ಮೂಲಂಗಿ ಸೊಪ್ಪನ್ನು ಕಿತ್ತೆನೋ ಹಿರಿದೆನೋ.

"ಅಮ್ಮಾ, ಮೂಲಂಗಿ ಮೇಲೆ ಯಾಕಮ್ಮ ಗುಸ್ಸಾ? ಅದೇನು ಮಾಡೈತೆ ಪಾಪ?" ಅಂದರು ಸಾಬರು.

"ಗುಸ್ಸಾ ಇರೋದು ಇವರ ಮ್ಯಾಲೆ."

ಸಾಬರು ನಮ್ಮವರನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರೆ ಇನ್ನೊಂದು ಕಟ್ಟು ಮೆಂತ್ಯ ತಗೊಳ್ಳಿ, ಕಹಿ ಐತೆ," ಅಂತ ನಕ್ಕು ಬೇರೆ ಗಿರಾಕಿ ಕಡೆ ತಿರುಗಿದರು.

ನಾನು ನಮ್ಮವರ ಕಡೆ ತಿರುಗಿದೆ. ಜನ ಓಡಾಡುವ ಜಾಗ. ಆದರೂ ಕೇಳಿದೆ.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಆವತ್ತೇ ಮಗ್ಗ ಬಿಡಿಸ್ತಿದ್ದೆ."

"ಬಿಡಿಸ್ತಿದ್ದೆ! ಬಿಟ್ರೆ ಏನಾಗ್ತಿತ್ತು? ಮಗ ದುಡ್ಡು ಕಳಿಸ್ತಾನೆ, ಮಗಳು ಇದಾಳೆ, ಉಪವಾಸ ಬೀಳ್ತಿದ್ವಾ?"

"ಹೊಟ್ಟೆ ಮಾತಲ್ಲ ಅದು."

"ಮತ್ತೇನು?"

ತರಕಾರಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಮದುವೆ ದಿನವೂ ಇಷ್ಟು ನಾಚಿಕೆ ಅವರ ಮುಖದಲ್ಲಿ ನಾನು ನೋಡಿರಲಿಲ್ಲ.

"ಮಗ್ಗ ಬಿಟ್ರೆ ನೀನು ಅಡಿಗೆಮನೆಯಾಗೆ, ನಾನು ಜಗುಲಿ ಮ್ಯಾಲೆ. ಉಂಡ್ರಾ, ಮಲಗಿದ್ರಾ, ಅಷ್ಟೇ ಮಾತು. ನಿನ್ನ ಪಕ್ಕ ಕೂರೋಕೆ ನನಗೆ ಬ್ಯಾರೆ ಜಾಗ ಎಲ್ಲೈತೆ ಯರ್ರಮ್ಮ? ಏನು ನೆಪ ಹೇಳ್ಲಿ?"

"ಹೆಂಡ್ತಿ ಪಕ್ಕ ಕೂರೋಕೆ ನೆಪ ಬೇಕಾ ನಿಮಗೆ?"

"ಯಾವತ್ತಾದ್ರೂ ನೆಪ ಇಲ್ದೆ ಕೂತೀವಾ? ನೀನೇ ಹೇಳು."

ಹೇಳಬೇಕು ಅಂತ ಬಾಯಿ ತೆರೆದೆ. ನನ್ನ ನೆನಪು ಗಟ್ಟಿ, ಎಲ್ಲರೂ ಹೇಳುತ್ತಾರೆ. ಹುಡುಕಿದೆ. ಮದುವೆ ಮನೆಗಳಲ್ಲಿ ಗಂಡಸರ ಪಂಕ್ತಿ ಬೇರೆ, ನಮ್ಮದು ಬೇರೆ. ರಾಯದುರ್ಗದಲ್ಲಿ ಸಿನಿಮಾಕ್ಕೆ ಹೋದಾಗ ಹೆಂಗಸರ ಕಡೆ ನಾನು, ಆಚೆ ಕಡೆ ಅವರು. ಹರಿಪ್ರಿಯಾ ಹುಟ್ಟಿದಾಗ ಆಸ್ಪತ್ರೆ ಬಾಗಿಲ ಹೊರಗೆ ನಿಂತಿದ್ದರು. ಇವತ್ತು ಬಸ್ಸಿನಲ್ಲೂ ನಾನೇ ಮುಂದೆ ಹೋಗಿ ಕೂತೆ. ಒಂದು ಸಲ, ಒಂದೇ ಒಂದು ಸಲ ಕೆಲಸವಿಲ್ಲದೆ ಇಬ್ಬರೂ ಪಕ್ಕದಲ್ಲಿ ಕೂತದ್ದು ಸಿಗಲಿಲ್ಲ.

ನನ್ನ ಸಿಟ್ಟಿಗೆ ಈಗ ಎಲ್ಲಿ ಹೋಗಬೇಕು ಅಂತ ತಿಳಿಯದಾಯಿತು. ಅವರ ಮೇಲೆ ಇರಲಾರದು, ಮೇಡಂ ಮೇಲೆ ಇರಲಾರದು. ಕಳೆದುಹೋದ ಇಷ್ಟು ವರ್ಷಗಳ ಮೇಲೇ ಸಿಟ್ಟು ಬಂತು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಆಸೆಯನ್ನು ಕೆಲಸದ ಕೆಳಗೆ ಬಚ್ಚಿಟ್ಟುಕೊಂಡು ಬದುಕಿದೆವಲ್ಲ, ಕದ್ದ ಮಾಲಿನ ಹಾಗೆ.

"ಅದಕ್ಕೆ ಮೈ ಕರಗಿಸಿ ಸಾಯೋಕೆ ಹೊಂಟಿದ್ರಾ? ನೀವು ಗುಂಡಿಗೆ ಬಿದ್ದು ಹೋಗಿದ್ರೆ ಆಗ ನಾನು ಯಾರ ಪಕ್ಕ ಕೂರ್ತಿದ್ದೆ?" ನನ್ನ ದನಿ ಏರಿತು. ಜೀವನದಲ್ಲಿ ಮೊದಲ ಸಲ ಬೀದಿಯಲ್ಲಿ ಕೂಗಿದೆ. ಕಣ್ಣಲ್ಲಿ ನೀರು ಬಂತು. "ಮಾತಾಡಿ ಹೇಳೋಕೆ ಬರಲ್ವಾ ಬಾಯಲ್ಲಿ? ಬರೀ ಮಾವಿನ ಹಣ್ಣು ತಿನ್ನೋಕೆ ಬರ್ತೈತಾ?"

"ನೀನಿಲ್ದೆ ನನಗೆ ಆಗಲ್ಲ," ಅಂದರು. ಗೊಣಗಿದ ಹಾಗೆ ಅಂದರು. ನಾನು ಕೇಳಿಸಿಕೊಂಡೆ.

ಸಾಬರು ಎರಡು ನಿಂಬೆಹಣ್ಣು ಕೊಸರು ಹಾಕಿ ನಮ್ಮನ್ನು ಕಳಿಸಿದರು.

ಬಸ್ಸಿನಲ್ಲಿ ಜಾಗವಿರಲಿಲ್ಲ. ಊರಿನವರೆಗೂ ನಿಂತೇ ಬಂದೆವು. ಅವರ ಚೀಲದ ಇನ್ನೊಂದು ಹಿಡಿ ನಾನು ಹಿಡಿದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ರಾತ್ರಿ ನೆನೆಸಿದ್ದ ಹೆಸರುಬೇಳೆ ಬಸಿದೆ. ಸೌತೆಕಾಯಿ, ಗಜ್ಜರಿ, ಮೂಲಂಗಿ ಹೆಚ್ಚಿದೆ, ಮೆಂತ್ಯ ಸೊಪ್ಪು ಬಿಡಿಸಿದೆ. ಕಾಯಿತುರಿ, ನಿಂಬೆರಸ, ಉಪ್ಪು, ಹಸಿಮೆಣಸು. ಇದೇನು ಹೊಸದು? ನಮ್ಮ ಮನೆ ಕೋಸಂಬರಿಯೇ. ಒಗ್ಗರಣೆಗೆ ಕೈ ಹೋಯಿತು, ಸಾಸಿವೆ ಡಬ್ಬಿ ಮುಚ್ಚಿಟ್ಟೆ. ಮಧ್ಯಾಹ್ನ ಮುದ್ದೆ ತಿನ್ನಿಸದೆ ಬಿಡುವುದಿಲ್ಲ, ಆಗ ನೋಡಿಕೊಂಡರಾಯಿತು. ದೊಡ್ಡ ತಟ್ಟೆಗೆ ಎಲ್ಲ ಸುರಿದೆ. ಒಂದು ಬದಿಗೆ ಕಿರುಬೆರಳಿನಷ್ಟು ಅಗಲಕ್ಕೆ ಮಾವಿನ ಹೋಳು ಜೋಡಿಸಿದೆ.

ಮಗ್ಗದ ಮೇಲೆ ಅರ್ಧ ಸೀರೆ ಹಾಗೇ ಇತ್ತು. ಅದನ್ನು ಮುಗಿಸುವುದೋ, ಮಗ್ಗವನ್ನೇ ಕೊಟ್ಟುಬಿಡುವುದೋ, ಮಂಡಿ ಹೇಳಿದ ಹಾಗೆ. ಇವತ್ತು ಅದರ ಮಾತು ಬೇಡ ಅನ್ನಿಸಿತು. ಬಳ್ಳಾರಿಗೆ ಫೋನ್ ಮಾಡಿ, ನಾನು ಬರುವುದಿಲ್ಲ ಅಂತ ಮಗಳಿಗೆ ಹೇಳಿದೆ.

ಅವರು ಜಗುಲಿ ಮೇಲೆ ಕಾಲು ಚಾಚಿ ಕೂತಿದ್ದರು. ನಮ್ಮ ಬೀದಿಯಲ್ಲಿ ಜಗುಲಿ ಗಂಡಸರದು. ಹೆಂಗಸರು ಹೊಸ್ತಿಲ ಒಳಗೆ. ನಾನು ತಟ್ಟೆ ಹಿಡಿದು ಹೊರಗೆ ಬಂದೆ.

"ಸರೀರಿ ಆಚೆ."

"ಎಲ್ಲಿಗೆ?"

"ಒಂಚೂರು ಸರೀರಿ ಅಂದೆ."

ಸರಿದರು. ಕೂತೆ. ಭುಜಕ್ಕೆ ಭುಜ ತಾಗಿತು. ಅವರು 'ಏಮೇ, ಬೀದಿ ನೋಡ್ತೈತೆ' ಅಂತ ಪಿಸುಗುಟ್ಟಿದರು. "ನೋಡ್ಲಿ, ತಿನ್ರಿ," ಅಂದೆ.

ಮೂಲಂಗಿ ಚೂರು ಬಾಯಿಗಿಟ್ಟುಕೊಂಡು ಮುಖ ಸಿಂಡರಿಸಿದರು. ಕಣ್ಣು ಒರೆಸಿಕೊಂಡರು. "ಖಾರ ಐತೆ," ಅಂದರು. ನಾನು ಒಂದು ಚೂರು ತಿಂದು ನೋಡಿದೆ. ಖಾರವೇನೂ ಇರಲಿಲ್ಲ. ಹೌದು ಅಂದೆ.

ಎದುರು ಬಾಗಿಲಲ್ಲಿ ಚಿಕ್ಕಕ್ಕ ಪೊರಕೆ ಹಿಡಿದು ಹಾಗೇ ನಿಂತಿದ್ದಳು.

"ಏನೇ ಯರ್ರಮ್ಮ, ಮಗ್ಗ ಕೆಟ್ಟೈತಾ?"

"ಇಲ್ಲಕ್ಕ."

"ಮತ್ತೆ ಹೊತ್ತೇರೋ ಹೊತ್ನಾಗೆ ಇಬ್ಬರಿಗೂ ಜಗುಲಿ ಮ್ಯಾಲೆ ಏನು ಕೆಲಸ?"

"ಕೆಲಸ ಏನೂ ಇಲ್ಲ," ಅಂದೆ. "ಸುಮ್ನೆ ಕೂತೀವಿ."